ಗೃಹಿಣಿಯರೊಡನೆ: ಮುಖ ತೊಳೆಯುವ ವಿಚಾರ

ಕಳೆದ ತಿಂಗಳು ಕೈಸೇರಿದ ಕಾಗದಗಳಲ್ಲಿ ಒಂದನ್ನು ನಾನು ಬೇರೆಯಾಗಿ ತೆಗೆದಿಟ್ಟಿದ್ದೆನು. ಬರೆದವರು ಬಯಲುಸೀಮೆಯ ಒಂದು ಊರಿನ ಗೃಹಿಣಿ. ಹೆಸರನ್ನು ಪ್ರಕಟಿಸಬಾರದೆಂದು ಕೇಳಿಕೊಂಡಿರುವರು. ಅವರ ಕಿರಿಯ ಮಗಳಿಗೆ 17 ವರ್ಷ. ಎರಡು ವರ್ಷಗಳಿಂದ ಮುಖದ ತುಂಬ ಮೊಡವೆ. ಹುಡುಗಿ ದಿನಕ್ಕೆ ಆರೇಳು ಸಲ ಸಾಬೂನು ಹಾಕಿ ಮುಖ ತೊಳೆಯುತ್ತಾಳಂತೆ. ತೊಳೆದಷ್ಟೂ ಚರ್ಮ ಉರಿಯುತ್ತದೆಯಂತೆ, ಹೊಟ್ಟು ಏಳುತ್ತದೆಯಂತೆ, ಮೊಡವೆ ಮಾತ್ರ ತಗ್ಗಲಿಲ್ಲವಂತೆ. ಮನೆಗೆ ಬಂದ ನೆಂಟರೆಲ್ಲರೂ ಒಂದೊಂದು ಉಪಾಯ ಹೇಳಿಹೋದುದರ ಫಲವಾಗಿ ಈಗ ಬಚ್ಚಲುಮನೆಯ ಗೂಡಿನಲ್ಲಿ ಐದು ಸೀಸೆಗಳೂ ಮೂರು ಬಗೆಯ ಸಾಬೂನುಗಳೂ ಒಂದು ಡಬ್ಬಿ ಕಡಲೆಹಿಟ್ಟೂ ಸಾಲಾಗಿ ಕುಳಿತಿವೆಯೆಂದು ತಾಯಿ ಬರೆದಿರುವರು. ಬರುವ ತಿಂಗಳು ದೊಡ್ಡ ಮಗಳ ಮದುವೆ. ಅರಿಸಿನದೆಣ್ಣೆಯ ಶಾಸ್ತ್ರದ ದಿನ ಅಕ್ಕನ ಪಕ್ಕದಲ್ಲಿ ಕುಳಿತುಕೊಳ್ಳಲು ತಂಗಿ ಒಪ್ಪುತ್ತಿಲ್ಲ. ಬಂದವರೆಲ್ಲ ತನ್ನ ಮುಖವನ್ನೇ ನೋಡುವರೆಂಬ ಅಂಜಿಕೆ. "ಅವಳ ಚರ್ಮಕ್ಕೆ ಒಪ್ಪುವ ಒಂದೇ ಒಂದು ವಸ್ತುವನ್ನು ಹೇಳಿರಿ, ಮಿಕ್ಕುದನ್ನೆಲ್ಲ ತಿಪ್ಪೆಗೆ ಎಸೆದುಬಿಡುತ್ತೇನೆ" ಎಂಬುದು ತಾಯಿಯ ಬೇಡಿಕೆ. ಕಾಗದದ ಕೊನೆಯಲ್ಲಿ, ಹೇಳಲೋ ಬೇಡವೋ ಎಂಬಂತೆ, ಇನ್ನೂ ಒಂದು ಸಾಲು ಇದೆ. ಅದರ ಮಾತನ್ನು ಆಮೇಲೆ ತೆಗೆಯುವೆನು.

ಈ ವಿಷಯವಾಗಿ ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬೇರುಸಹಿತ ಕಿತ್ತುಹಾಕಬೇಕಾಗಿದೆ. ಮೊಡವೆಯು ಕೊಳೆಯಿಂದ ಹುಟ್ಟುವ ರೋಗವಲ್ಲ. ನಮ್ಮ ಚರ್ಮದ ರೋಮಕೂಪಗಳಿಗೆ ಹೊಂದಿಕೊಂಡಂತೆ ಜಿಡ್ಡನ್ನು ಒಸರುವ ಸಣ್ಣ ಗ್ರಂಥಿಗಳಿವೆ. ಹಣೆ, ಮೂಗು, ಗದ್ದ, ಎದೆ, ಬೆನ್ನು ಇಲ್ಲೆಲ್ಲ ಅವು ದಟ್ಟವಾಗಿರುತ್ತವೆ. ಮಕ್ಕಳು ಪ್ರಾಯಕ್ಕೆ ಬರುವ ಕಾಲದಲ್ಲಿ ಹಾರ್ಮೋನುಗಳ ಪ್ರೇರಣೆಯಿಂದ ಈ ಗ್ರಂಥಿಗಳು ಬೆಳೆದು ಹೆಚ್ಚು ಜಿಡ್ಡನ್ನು ಕೊಡತೊಡಗುತ್ತವೆ. ಕೂಪದ ಬಾಯಿಯಲ್ಲಿ ಸತ್ತ ಜೀವಕೋಶಗಳು ಆ ಜಿಡ್ಡಿನೊಡನೆ ಕೂಡಿ ಬಿರಡೆಯಂತೆ ಕಟ್ಟಿಕೊಳ್ಳುತ್ತವೆ. ಒಳಗೆ ಸಿಕ್ಕಿಬಿದ್ದ ಜಿಡ್ಡಿನಲ್ಲಿ, ಎಲ್ಲರ ಚರ್ಮದಲ್ಲಿಯೂ ಸಹಜವಾಗಿಯೇ ವಾಸಿಸುವ ಒಂದು ಜಾತಿಯ ಬ್ಯಾಕ್ಟೀರಿಯಾ ವೃದ್ಧಿಯಾಗಿ, ಸುತ್ತಲೂ ಕೆಂಪಗೆ ಊದಿಕೊಳ್ಳುತ್ತದೆ. ಇದೇ ಮೊಡವೆ. ಮೂಗಿನ ಮೇಲೆ ಕಾಣುವ ಕಪ್ಪು ಚುಕ್ಕೆಯ ಕಪ್ಪು ಸಹ ಧೂಳಲ್ಲ. ಆ ಬಿರಡೆಯ ತುದಿಯು ಗಾಳಿಗೆ ತೆರೆದುಕೊಂಡು ಬಣ್ಣ ತಿರುಗಿದುದು. ಹೀಗಿರುವಲ್ಲಿ ಮೊಡವೆಯ ಹುಡುಗಿಯನ್ನು "ಮುಖ ಸರಿಯಾಗಿ ತೊಳೆದುಕೊಳ್ಳಬಾರದೇನೇ?" ಎಂದು ಗದರಿಸುವುದು ಎಷ್ಟು ಅನ್ಯಾಯವೆಂಬುದನ್ನು ಅತ್ತೆ ಸೋದರತ್ತೆಯರು ಯೋಚಿಸಬೇಕು. ಪಾಪ, ಆ ಮಗು ಆರೇಳು ಸಲ ತೊಳೆಯುತ್ತಿರುವುದು ಇಂಥ ಮಾತುಗಳ ಭಯದಿಂದಲೇ ಇರಬಹುದು.

ಇನ್ನು ತೊಳೆಯುವುದರಿಂದ ಆಗುವುದೇನು? ಚರ್ಮದ ಹೊರಪದರವನ್ನು ಗಾರೆ ಹಾಕಿ ಕಟ್ಟಿದ ಇಟ್ಟಿಗೆಗೋಡೆಗೆ ಹೋಲಿಸಬಹುದು. ಚಪ್ಪಟೆಯಾದ ಸತ್ತ ಜೀವಕೋಶಗಳೇ ಇಟ್ಟಿಗೆ. ಅವುಗಳ ನಡುವೆ ತುಂಬಿರುವ ಕೊಬ್ಬಿನ ಪದಾರ್ಥಗಳೇ ಗಾರೆ. ಈ ಗೋಡೆ ಗಟ್ಟಿಯಾಗಿರುವ ತನಕ ಒಳಗಿನ ನೀರು ಆರಿಹೋಗುವುದಿಲ್ಲ, ಹೊರಗಿನ ಕೆರಳಿಸುವ ಪದಾರ್ಥಗಳು ಒಳನುಗ್ಗುವುದಿಲ್ಲ. ಸಾಬೂನಿನ ಗುಣವೇನೆಂದರೆ ಕೊಬ್ಬನ್ನು ಹಿಡಿದು ನೀರಿನೊಡನೆ ಹರಿಯಿಸಿಬಿಡುವುದು. ಮೇಲೆ ಕುಳಿತ ಜಿಡ್ಡು ಯಾವುದು, ಗೋಡೆಯ ಗಾರೆ ಯಾವುದು ಎಂಬ ಭೇದ ಅದಕ್ಕೆ ತಿಳಿಯದು. ಇದಲ್ಲದೆ ಇನ್ನೊಂದು ಸಂಗತಿ. ಆರೋಗ್ಯವಾದ ಚರ್ಮವು ಸ್ವಲ್ಪ ಹುಳಿಯ ಗುಣವುಳ್ಳದ್ದು. ಹುಳಿ ಮತ್ತು ಕ್ಷಾರಗಳನ್ನು ಅಳೆಯುವ ಪಿ.ಎಚ್. ಎಂಬ ಮಾನದಲ್ಲಿ 7 ಎಂದರೆ ಎರಡೂ ಅಲ್ಲದ ನಡುವಣ ಸ್ಥಿತಿ. ಚರ್ಮವು ಸುಮಾರು 4.5ರಿಂದ 5.5ರವರೆಗೆ ಇರುತ್ತದೆ. ಕೊಬ್ಬನ್ನು ಕ್ಷಾರದೊಡನೆ ಬೆರಸಿ ಮಾಡಿದ ನಿಜವಾದ ಸಾಬೂನು 9ರಿಂದ 10. ಒಂದು ಸಲ ತೊಳೆದರೆ ಗಟ್ಟಿಮುಟ್ಟಾದ ಚರ್ಮವು ಕೆಲವು ಗಂಟೆಗಳಲ್ಲಿ ತನ್ನ ಹುಳಿಯನ್ನು ತಾನೇ ಗಳಿಸಿಕೊಳ್ಳುವುದು. ಆರೇಳು ಸಲ ತೊಳೆದರೆ ಗಳಿಸಿಕೊಳ್ಳಲು ಬಿಡುವೆಲ್ಲಿ? ಗಾರೆ ಉದುರಿದ ಗೋಡೆಯಂತೆ ಚರ್ಮವು ಬಿರಿದು, ಉರಿದು, ಹೊಟ್ಟೇಳುವುದು. ಕೆರಳಿದ ಚರ್ಮದಲ್ಲಿ ಮೊಡವೆಯೂ ಹೆಚ್ಚು ಕೆಂಪಾಗುವುದು.

ಹಿತ್ತಾಳೆಯ ಪಾತ್ರೆಯನ್ನು ಹುಣಿಸೆಹಣ್ಣು ಹಾಕಿ ಉಜ್ಜಿ ತೊಳೆದ ಮೇಲೆ ಬೆರಳಿನಿಂದ ಸವರಿದರೆ ಕಿರ್ರೆನ್ನುವುದಲ್ಲವೆ? ಮುಖವನ್ನು ತೊಳೆದ ಮೇಲೂ ಹಾಗೆಯೇ ಕಿರ್ರೆನ್ನಬೇಕು, ಬಿಗಿಯಬೇಕು, ಆಗಲೇ ಶುದ್ಧವಾದಂತೆ ಎಂದು ನಮ್ಮಲ್ಲಿ ಅನೇಕರು ನಂಬಿರುವರು. ಇದು ಪಾತ್ರೆಗೆ ಸಲ್ಲುವ ಮಾತು. ಮುಖ ತೊಳೆದು ಒರಸಿಕೊಂಡ ಹತ್ತು ನಿಮಿಷದೊಳಗೆ ಕೆನ್ನೆ ಬಿಗಿದು ನಗುವುದಕ್ಕೂ ಕಷ್ಟವೆನಿಸಿದರೆ, ನೀವು ಬಳಸುತ್ತಿರುವ ವಸ್ತು ನಿಮ್ಮ ಚರ್ಮಕ್ಕೆ ಹೆಚ್ಚು ಖಾರವೆಂದೇ ಅರ್ಥ. ಅದರ ಬೆಲೆ ಎಷ್ಟಾದರೂ ಇರಲಿ, ಅದನ್ನು ಯಾರು ಹೊಗಳಿದ್ದರೂ ಇರಲಿ.

ಸಾಬೂನನ್ನು ನಾನು ನಿಂದಿಸುತ್ತಿರುವೆನೆಂದು ಯಾರೂ ತಿಳಿಯಬಾರದು. ಕನ್ನಡಿಗರಾದ ನಮಗೆ ಸಾಬೂನಿನ ವಿಷಯದಲ್ಲಿ ಒಂದು ಅಭಿಮಾನವೇ ಉಂಟು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಗಿ ಮೈಸೂರು ಸಂಸ್ಥಾನದ ಗಂಧದ ಮರವು ಯೂರೋಪಿಗೆ ಹೋಗುವುದು ನಿಂತುಹೋದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಇಲ್ಲಿಯೇ ಗಂಧದೆಣ್ಣೆಯನ್ನು ಇಳಿಸುವ ಏರ್ಪಾಡಾಯಿತು. ಅದರ ಬೆನ್ನಿನಲ್ಲಿಯೇ ಬೆಂಗಳೂರಿನ ಸರ್ಕಾರಿ ಕಾರ್ಖಾನೆಯಿಂದ ಗಂಧದ ಸಾಬೂನು ಹೊರಬಂದಿತು. ಇಂದಿಗೂ ಅದು ರಾಜ್ಯ ಸರ್ಕಾರದ ಒಡೆತನದ ಸಂಸ್ಥೆಯದೇ ಆಗಿದೆ. ನೆಂಟರು ಬಂದಾಗ ಬಚ್ಚಲಿಗೆ ಹೊಸ ಬಿಲ್ಲೆಯೊಂದನ್ನು ಇಡುವ ಮನೆಗಳನ್ನು ನಾನು ಎಷ್ಟೋ ಕಂಡಿರುವೆನು. ಮೈಗೆ, ಕೈಕಾಲಿಗೆ ಒಳ್ಳೆಯ ಸಾಬೂನು ಬಹುಮಟ್ಟಿನ ಜನರಿಗೆ ಒಗ್ಗುತ್ತದೆ. ಮುಖದ ಚರ್ಮವು ಮೊಳಕೈ ಮೊಳಕಾಲುಗಳ ಚರ್ಮದಂತಲ್ಲ ಎಂಬಷ್ಟೇ ನನ್ನ ಮಾತು.

ಇಲ್ಲಿಯೇ ಒಂದು ಸಂದೇಹವನ್ನು ಪರಿಹರಿಸಿಬಿಡುವುದು ಲೇಸು. ಸಾಬೂನಿನ ಹೊದಿಕೆಯ ಮೇಲೆ ಟಿ.ಎಫ್.ಎಂ. ಎಂದು ಬರೆದು ಪಕ್ಕದಲ್ಲಿ ಒಂದು ಅಂಕೆಯನ್ನು ಕೊಟ್ಟಿರುವರು. ಬಿಲ್ಲೆಯಲ್ಲಿ ಕೊಬ್ಬಿನ ಅಂಶ ನೂರಕ್ಕೆ ಎಷ್ಟು ಎಂಬುದನ್ನು ಅದು ತಿಳಿಸುತ್ತದೆ. ಭಾರತೀಯ ಮಾನಕದ ಪ್ರಕಾರ 76 ಅಥವಾ ಮೇಲ್ಪಟ್ಟದ್ದು ಮೊದಲನೆಯ ದರ್ಜೆಯ ಸಾಬೂನು, 70ರಿಂದ ಮೇಲಿನದು ಎರಡನೆಯದು, 60ರಿಂದ ಮೇಲಿನದು ಮೂರನೆಯದು. ಅದಕ್ಕಿಂತ ಕಡಮೆಯದನ್ನು 'ಬಾತಿಂಗ್ ಬಾರ್' ಎಂಬ ಬೇರೆ ಹೆಸರಿನಿಂದ ಮಾರುವರು. ಅಂಕೆ ಹೆಚ್ಚಾದರೆ ಬಿಲ್ಲೆಯಲ್ಲಿ ಸೀಮೆಸುಣ್ಣದಂಥ ತುಂಬುವಸ್ತು ಕಡಮೆ, ಬಿಲ್ಲೆ ಬಹುಕಾಲ ಬಾಳುವುದು. ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಅಂಕೆ ಹೆಚ್ಚಾದ ಮಾತ್ರಕ್ಕೆ ಕ್ಷಾರ ಹೋಗಿಬಿಡುವುದಿಲ್ಲ. ಮೊದಲನೆಯ ದರ್ಜೆಯ ಸಾಬೂನೂ ಸಾಬೂನೇ. ಕನ್ನಡಿಯಂತೆ ಹೊಳೆಯುವ ಗ್ಲಿಸರಿನ್ ಸಾಬೂನು ಸ್ವಲ್ಪ ಮೃದುವೆನಿಸಬಹುದು. ಅದೂ ಕ್ಷಾರದ ಜಾತಿಯದೇ.

ಬಯಲುಸೀಮೆಯ ಸೋದರಿಯರಿಗೆ ಇನ್ನೊಂದು ತೊಡಕುಂಟು. ಕೊಳವೆಬಾವಿಯ ಗಡುಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಂಬ ಲವಣಾಂಶಗಳು ಹೇರಳವಾಗಿರುತ್ತವೆ. ಸಾಬೂನು ಇವುಗಳೊಡನೆ ಸೇರಿ ಕರಗದ ಮಡ್ಡಿಯಾಗುವುದು. ಬಕೆಟ್ಟಿನ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟುವುದನ್ನು ನೀವು ದಿನವೂ ನೋಡುತ್ತಿರುವಿರಿ. ಅದೇ ಪೊರೆ ಮುಖದ ಮೇಲೂ ನಿಲ್ಲುವುದು, ನಿಂತು ಕೆರಳಿಸುವುದು. ನೊರೆ ಬರಲಿಲ್ಲವೆಂದು ಮತ್ತೆ ಮತ್ತೆ ಸಾಬೂನು ಉಜ್ಜುವುದರಿಂದ ಪೊರೆ ಇನ್ನಷ್ಟು ಹೆಚ್ಚುವುದೇ ಹೊರತು ಕಡಮೆಯಾಗದು. ಮಳೆಯ ನೀರು ಹಿಡಿಯುವ ಮನೆಯವರು ಮುಖಕ್ಕೆಂದು ಒಂದು ಚೆಂಬನ್ನು ತೆಗೆದಿಟ್ಟರೆ ವ್ಯತ್ಯಾಸ ತಾನಾಗಿಯೇ ಗೊತ್ತಾಗುವುದು.

ಹಾಗಾದರೆ ನಮ್ಮ ಅಜ್ಜಿಯರ ಕಾಲದ ಕಡಲೆಹಿಟ್ಟು, ಹೆಸರುಹಿಟ್ಟು, ಸೀಗೆಪುಡಿಗಳ ಗತಿಯೇನೆಂದು ಕೇಳುವಿರಿ. ಇವುಗಳ ಮೇಲೆ ನನಗೆ ಪ್ರೀತಿಯಿದೆ. ಆದರೆ ಕುರುಡು ಪ್ರೀತಿಯಲ್ಲ. ಹಿಟ್ಟುಗಳು ಕೆಲಸ ಮಾಡುವುದು ಮುಖ್ಯವಾಗಿ ಜಿಡ್ಡನ್ನು ಹೀರಿಕೊಂಡು. ಅವುಗಳಲ್ಲಿ ಕ್ಷಾರದ ಕಾಟವಿಲ್ಲ, ಗಡುಸು ನೀರಿನಲ್ಲಿ ಮಡ್ಡಿಯೂ ಆಗದು. ಎಣ್ಣೆ ಹಚ್ಚಿಕೊಂಡ ಮೈಗೆ ಹೆಸರುಹಿಟ್ಟಿನಷ್ಟು ಹಿತವಾದುದು ಇನ್ನೊಂದಿಲ್ಲ. ಮುಖಕ್ಕೆ ಬಳಸುವವರು ತೆಳುವಾದ ಮಲ್ಲುಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿದ ಹಿಟ್ಟನ್ನೇ ಬಳಸಬೇಕು. ನೀರಿನಲ್ಲಿ ತೆಳ್ಳಗೆ ಕಲಸಿ, ಉಜ್ಜದೆ, ಸವರಿ ತೊಳೆದುಬಿಡಬೇಕು. ಅನೇಕರು ಮಾಡುವ ತಪ್ಪೆಂದರೆ ತರಿಹಿಟ್ಟನ್ನು ಹಚ್ಚಿ, ಅದು ಒಣಗಿ ಗರಿಗರಿಯಾಗುವ ತನಕ ಕಾದು, ಆಮೇಲೆ ಕೆರೆದು ತೆಗೆಯುವುದು. ಮೊಡವೆಯಿರುವ ಮುಖವನ್ನು ಹೀಗೆ ಕೆರೆದರೆ ಗಾಯವಾಗಿ ಕಲೆ ಉಳಿಯುವುದು. ಕಲಸಿದ ಹಿಟ್ಟನ್ನು ನಾಳೆಗೆಂದು ಇಡಲೂಬಾರದು. ಇಡ್ಲಿಯ ಹಿಟ್ಟಿನಂತೆ ಅದೂ ಹುದುಗುತ್ತದೆ. ಸೀಗೆಕಾಯಿ, ಅಂಟುವಾಳಕಾಯಿಗಳಲ್ಲಿ ಸಪೋನಿನ್ ಎಂಬ ಸಹಜವಾದ ನೊರೆವಸ್ತುವಿದೆ. ತಲೆಗೆ ಅವು ಚೆನ್ನ. ಮುಖಕ್ಕೆ ತರಬೇಡಿರಿ, ಕಣ್ಣಿಗೆ ಬಿದ್ದರೆ ಆಗುವ ಉರಿಯನ್ನು ಎಣ್ಣೆನೀರಿನ ಶನಿವಾರಗಳಲ್ಲಿ ಅತ್ತ ಮಕ್ಕಳೆಲ್ಲರೂ ಬಲ್ಲರು. ಮಲೆನಾಡು ಕರಾವಳಿಗಳ ಕಡೆ ದಾಸವಾಳದ ಎಲೆಯನ್ನು ಕಿವುಚಿ ತೆಗೆಯುವ ಲೋಳೆ ಇವೆಲ್ಲಕ್ಕಿಂತ ಸೌಮ್ಯವಾದುದು. ಅದರ ಕೆಲಸವೂ ತಲೆಗೂದಲಿಗೇ ಹೆಚ್ಚು.

ಆದರೆ ಅಡಿಗೆಮನೆಯಲ್ಲಿರುವುದೆಲ್ಲ ಮುಖಕ್ಕೆ ಹಿತವೆಂಬ ವಾದವನ್ನು ಮಾತ್ರ ನಾನು ಒಪ್ಪಲಾರೆ. ನಿಂಬೆಯ ರಸವನ್ನು ನೇರವಾಗಿ ಮುಖಕ್ಕೆ ಹಚ್ಚಿಕೊಂಡು ಬಿಸಿಲಿಗೆ ಹೋದವರ ಚರ್ಮದಲ್ಲಿ ಸುಟ್ಟ ಹಾಗೆ ಬೊಬ್ಬೆ ಎದ್ದು ತಿಂಗಳುಗಟ್ಟಲೆ ಕಪ್ಪು ಕಲೆ ನಿಲ್ಲುವುದುಂಟು. ನಿಂಬೆಯ ಜಾತಿಯ ಹಣ್ಣುಗಳಲ್ಲಿರುವ ಕೆಲವು ಪದಾರ್ಥಗಳು ಬಿಸಿಲು ತಾಗಿದಾಗ ಚರ್ಮವನ್ನು ಬೇಯಿಸಿಬಿಡುತ್ತವೆ. ಅಡಿಗೆ ಸೋಡವಂತೂ ಕ್ಷಾರ. ಹಲ್ಲುಜ್ಜುವ ಪೇಸ್ಟನ್ನು ಮೊಡವೆಗೆ ಹಚ್ಚುವುದು ಯಾರ ತಲೆಯಲ್ಲಿ ಹುಟ್ಟಿದ ಉಪಾಯವೋ ತಿಳಿಯದು.

ಇನ್ನು ಅಂಗಡಿಯ ಸೀಸೆಗಳ ಮಾತು. 'ಫೇಸ್ ವಾಶ್' ಎಂದು ಮಾರುವ ದ್ರವಗಳಲ್ಲಿಯೂ, 'ಸಿಂಡೆಟ್' ಎಂಬ ಜಾತಿಯ ಬಿಲ್ಲೆಗಳಲ್ಲಿಯೂ ಸಾಬೂನಿಗೆ ಬದಲಾಗಿ ಕೃತಕವಾಗಿ ಮಾಡಿದ ಶೋಧಕಗಳಿರುತ್ತವೆ. ಕೃತಕವೆಂದ ಕೂಡಲೆ ಬೆಚ್ಚಬೇಕಾಗಿಲ್ಲ. ಇವನ್ನು ಚರ್ಮದ ಹುಳಿಗೆ ಹೊಂದುವಂತೆ 5.5ರ ಸಮೀಪಕ್ಕೆ ತರಲು ಬರುವುದು. ಸಾಬೂನಿಗೆ ಇದು ಸಾಧ್ಯವಿಲ್ಲ, ಏಕೆಂದರೆ ಅಷ್ಟು ಹುಳಿ ಬೆರಸಿದರೆ ಸಾಬೂನು ಒಡೆದು ಮತ್ತೆ ಕೊಬ್ಬಿನ ಆಮ್ಲವಾಗುವುದು. ಗಡುಸು ನೀರಿನಲ್ಲಿಯೂ ಇವು ಸಾಬೂನಿನಂತೆ ಮಡ್ಡಿ ಕಟ್ಟುವುದಿಲ್ಲ. ಆದರೆ ಈ ಶೋಧಕಗಳೆಲ್ಲ ಒಂದೇ ಸ್ವಭಾವದವಲ್ಲ. ಸೋಡಿಯಂ ಲಾರಿಲ್ ಸಲ್ಫೇಟ್ ಎಂಬುದು ಎಷ್ಟು ತೀಕ್ಷ್ಣವೆಂದರೆ, ಚರ್ಮ ಹೇಗೆ ಕೆರಳುವುದೆಂಬುದನ್ನು ಅಭ್ಯಾಸಮಾಡುವ ವಿದ್ವಾಂಸರು ಕೆರಳಿಸುವುದಕ್ಕೆಂದೇ ಅದನ್ನು ಪ್ರಯೋಗಗಳಲ್ಲಿ ಬಳಸುವರು. ಸೋಡಿಯಂ ಲಾರೆತ್ ಸಲ್ಫೇಟ್ ಅದಕ್ಕಿಂತ ಸೌಮ್ಯ. ಸೋಡಿಯಂ ಕೋಕೋಯಿಲ್ ಐಸೆಥಯೊನೇಟ್, ಡೆಸಿಲ್ ಗ್ಲುಕೋಸೈಡ್ ಮೊದಲಾದವು ಇನ್ನೂ ಸೌಮ್ಯ. ಹೆಸರುಗಳು ನಾಲಗೆಗೆ ಒಗ್ಗವೆಂದು ಬಲ್ಲೆ. ಬಾಯಿಪಾಠ ಮಾಡಬೇಕಾಗಿಲ್ಲ, ಮೊದಲನೆಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋದರೆ ಸಾಕು. ಸೀಸೆಯ ಬೆನ್ನಿನಲ್ಲಿ ಪದಾರ್ಥಗಳ ಪಟ್ಟಿಯನ್ನು, ಹೆಚ್ಚಿರುವುದು ಮೊದಲು ಕಡಮೆಯಿರುವುದು ಆಮೇಲೆ ಎಂಬ ಕ್ರಮದಲ್ಲಿ ಅಚ್ಚುಹಾಕಿರುವರು. ನೀರಿನ ಮರುಸಾಲಿನಲ್ಲಿಯೇ ಆ ಹೆಸರು ಕಂಡರೆ ಸೀಸೆಯನ್ನು ಮರಳಿ ಇಟ್ಟುಬಿಡಿರಿ.

ಸೀಸೆಯ ಎದೆಯ ಮೇಲೆ ಬರೆದುದಕ್ಕಿಂತ ಬೆನ್ನಿನ ಮೇಲೆ ಬರೆದುದನ್ನು ನಂಬಬೇಕು. ಮುಂದೆ 'ನೈಸರ್ಗಿಕ' ಎಂದು ದೊಡ್ಡ ಅಕ್ಷರವಿರುವುದು, ಬೇವಿನ ಎಲೆಯ ಚಿತ್ರವಿರುವುದು. ಹಿಂದೆ ನೋಡಿದರೆ ಬೇವಿನ ರಸ ಪಟ್ಟಿಯ ಕೊನೆಗೆ, ಬಣ್ಣ ಪರಿಮಳಗಳ ನೆರೆಯಲ್ಲಿ ಕುಳಿತಿರುವುದು. ಪರಿಮಳವೇ ಅನೇಕರ ಚರ್ಮಕ್ಕೆ ಆಗದ ವಸ್ತು. ಮುಖ ಬೇಗ ಕೆಂಪಾಗುವವರು 'ಫ್ರಾಗ್ರೆನ್ಸ್ ಫ್ರೀ' ಎಂದಿರುವುದನ್ನು ಹುಡುಕಬೇಕು. 'ಅನ್‌ಸೆಂಟೆಡ್' ಎಂದು ಬರೆದಿದ್ದರೆ ಸಾಲದು. ಮೂಲದ ವಾಸನೆಯನ್ನು ಮುಚ್ಚುವುದಕ್ಕೆ ಅದರಲ್ಲಿಯೂ ಪರಿಮಳದ್ರವ್ಯ ಬೆರೆತಿರಬಹುದು.

ಯಾರಿಗೆ ಯಾವುದು ಎಂಬುದನ್ನು ತಿಳಿಯಲು ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಬೆಳಿಗ್ಗೆ ಸೌಮ್ಯವಾದ ಯಾವುದಾದರೊಂದು ವಸ್ತುವಿನಿಂದ ಮುಖ ತೊಳೆದು, ಒತ್ತಿ ಒರಸಿಕೊಂಡು, ಏನನ್ನೂ ಹಚ್ಚದೆ ಒಂದು ಗಂಟೆ ಮನೆಯ ಕೆಲಸದಲ್ಲಿರಿ; ಒಲೆಯ ಮುಂದೆ ಮಾತ್ರ ಬೇಡ. ಆಮೇಲೆ ತೆಳುವಾದ ಕಾಗದದ ಚೂರುಗಳನ್ನು ಹಣೆ, ಮೂಗು, ಕೆನ್ನೆಗಳಿಗೆ ಒತ್ತಿ ಬೆಳಕಿಗೆ ಹಿಡಿದು ನೋಡಿರಿ. ಎಲ್ಲ ಚೂರುಗಳಲ್ಲಿಯೂ ಎಣ್ಣೆಯ ಗುರುತು ಬಿದ್ದರೆ ಜಿಡ್ಡುಚರ್ಮ. ಒಂದರಲ್ಲಿಯೂ ಇಲ್ಲದೆ ಮುಖ ಬಿಗಿದಿದ್ದರೆ ಒಣಚರ್ಮ. ಹಣೆ ಮೂಗುಗಳಲ್ಲಿ ಮಾತ್ರ ಗುರುತಿದ್ದರೆ ಮಿಶ್ರ. ಮಿಶ್ರವೇ ನಮ್ಮಲ್ಲಿ ಬಹಳ ಮಂದಿಯದು. ಇದೂ ಶಾಶ್ವತವಲ್ಲ. ಮಂಗಳೂರಿನ ಸೆಕೆಯಲ್ಲಿ ಜಿಡ್ಡಾಗಿದ್ದ ಮುಖ ಬೀದರಿನ ಪುಷ್ಯಮಾಸದಲ್ಲಿ ಒಡೆಯಬಹುದು. ಇಪ್ಪತ್ತರಲ್ಲಿ ಮೊಡವೆಗೆ ಹೆದರಿದವರು ಮುಟ್ಟು ನಿಂತ ವಯಸ್ಸಿನಲ್ಲಿ ಒಣಚರ್ಮಕ್ಕೆ ಎಣ್ಣೆ ಹುಡುಕುವರು. ತಾಯಿಗೆ ಹಿಡಿಸಿದುದು ಮಗಳಿಗೆ ಹಿಡಿಸಲೇಬೇಕೆಂಬ ನಿಯಮವಿಲ್ಲ. ಒಂದೇ ಸೀಸೆಯನ್ನು ಮನೆಮಂದಿಗೆಲ್ಲ ತರುವ ಯಜಮಾನರು ಇದನ್ನು ಗಮನಿಸತಕ್ಕದ್ದು.

ಒಣಚರ್ಮದವರಿಗೆ ನೊರೆಯೇ ಬಾರದ, ಹಾಲಿನಂತಿರುವ ಶೋಧಕ ಉತ್ತಮ. ಬೆಳಿಗ್ಗೆ ಬರಿಯ ನೀರಿನಿಂದ ತೊಳೆದರೂ ನಡೆಯುವುದು. ಜಿಡ್ಡುಚರ್ಮಕ್ಕೆ ಸ್ವಲ್ಪ ನೊರೆಯುಳ್ಳ, ಆದರೆ ತೀಕ್ಷ್ಣವಲ್ಲದ ದ್ರವ. ಮೊಡವೆಯಿದ್ದರೆ ಸ್ಯಾಲಿಸಿಲಿಕ್ ಆಮ್ಲ ನೂರಕ್ಕೆ 2ರವರೆಗೆ ಬೆರೆತದ್ದು ಉಪಯೋಗಕ್ಕೆ ಬರಬಹುದು. ಈ ಆಮ್ಲ ಜಿಡ್ಡಿನಲ್ಲಿ ಕರಗುವುದರಿಂದ ಕೂಪದ ಬಿರಡೆಯನ್ನು ಸಡಿಲಿಸುವ ಗುಣ ಅದಕ್ಕುಂಟು. ಆದರೆ ಈಗಾಗಲೇ ಉರಿಯುತ್ತಿರುವ, ಹೊಟ್ಟೆದ್ದ ಮುಖಕ್ಕೆ ಅದನ್ನೂ ಹಚ್ಚಕೂಡದು. ಮೊದಲು ಗೋಡೆ ದುರಸ್ತಾಗಲಿ. ಅಕ್ಕರೋಟಿನ ಚಿಪ್ಪಿನ ಪುಡಿ ಮೊದಲಾದ ಹರಳುಗಳಿರುವ 'ಸ್ಕ್ರಬ್'ಗಳು ಮೊಡವೆಯವರಿಗೆ ಎಂದೂ ಬೇಡ. ಯಾವ ಹೊಸ ವಸ್ತುವನ್ನೇ ತಂದರೂ ಚಿಕ್ಕ ಸೀಸೆಯನ್ನೇ ತನ್ನಿರಿ. ಮೂರು ನಾಲ್ಕು ದಿನ ಮುಂಗೈಯ ಒಳಬದಿಗೆ ಹಚ್ಚಿ ನೋಡಿ, ತುರಿಕೆ ಕೆಂಪು ಬಾರದಿದ್ದರೆ ಮುಖಕ್ಕೆ ಏರಿಸಿರಿ.

ತೊಳೆಯುವ ಕ್ರಮವನ್ನು ಹೇಳುವುದೆಂದರೆ ಮಕ್ಕಳಿಗೆ ಹೇಳಿದಂತಾದೀತು. ಆದರೂ ಎಲ್ಲ ಕಷ್ಟವೂ ಇಲ್ಲಿಯೇ ಹುಟ್ಟುವುದರಿಂದ ಹೇಳುತ್ತೇನೆ. ಮೊದಲು ಕೈಗಳನ್ನು ತೊಳೆಯಬೇಕು. ಹಂಡೆಯ ಕುದಿನೀರು ಬೇಡ, ಉಗುರು ಬೆಚ್ಚಗಿದ್ದರೆ ಸಾಕು. ಬೆರಳ ತುದಿಗಳಿಂದ ಅರ್ಧ ನಿಮಿಷ ಸವರಿ, ಕೂದಲಂಚು, ಕಿವಿಯ ಹಿಂಬದಿ, ಗದ್ದದ ಕೆಳಗೆ ಏನೂ ಉಳಿಯದಂತೆ ತೊಳೆಯಬೇಕು. ಒರಸುವ ಬಟ್ಟೆ ಹಳೆಯ ಹತ್ತಿಯದಾಗಿದ್ದು, ತಿಕ್ಕದೆ ಒತ್ತಿ ತೆಗೆಯಬೇಕು. ಮನೆಯವರೆಲ್ಲರ ಕೈಯೊರಸುವ ಟವಲ್ಲು ಮುಖಕ್ಕೆ ತಕ್ಕುದಲ್ಲ. ತೇವ ಪೂರ್ತಿ ಆರುವ ಮೊದಲೇ ಚರ್ಮಕ್ಕೆ ಒಗ್ಗುವ ತೇವಕಾರಿ ಲೇಪನವೊಂದನ್ನು ಹಚ್ಚುವುದು ಒಳ್ಳೆಯದು, ಜಿಡ್ಡುಚರ್ಮದವರಿಗೂ. ದಿನಕ್ಕೆ ಎರಡು ಸಲ. ಬಿಸಿಲಲ್ಲಿ ಬೆವರಿ ಬಂದರೆ ಇನ್ನೊಂದು ಸಲ. ಅಲ್ಲಿಗೆ ಮುಗಿಯಿತು.

ಬಣ್ಣ ಹಚ್ಚಿಕೊಂಡ ದಿನದ ಮಾತು ಬೇರೆ. ಯಕ್ಷಗಾನದ ವೇಷಧಾರಿಗಳು ಬೆಳಗಿನ ಜಾವ ಚೌಕಿಗೆ ಮರಳಿ ಬಣ್ಣ ತೆಗೆಯುವುದನ್ನು ಕಂಡವರು, ಅವರು ಮೊದಲು ನೀರನ್ನು ಮುಟ್ಟುವುದಿಲ್ಲವೆಂಬುದನ್ನು ಬಲ್ಲರು. ತೆಂಗಿನೆಣ್ಣೆ ಸವರಿ, ಬಣ್ಣವೆಲ್ಲ ಎಣ್ಣೆಯಲ್ಲಿ ಕರಗಿ ಹರಿದ ಮೇಲೆ ಬಟ್ಟೆಯಿಂದ ಒರಸಿ, ಆಮೇಲೆ ನೀರು. ಎಣ್ಣೆಯಲ್ಲಿ ಕೂತದ್ದನ್ನು ಎಣ್ಣೆಯೇ ಎಬ್ಬಿಸಬೇಕು. ಮದುವೆಮನೆಯ ಅಲಂಕಾರವನ್ನೂ, ನೀರಿಗೆ ಹೋಗದ ಬಿಸಿಲುಲೇಪನವನ್ನೂ ತೆಗೆಯಲು ಇದೇ ದಾರಿ. ಮೊಡವೆಯಿರುವವರಿಗೆ ಮಾತ್ರ ತೆಂಗಿನೆಣ್ಣೆ ಕೂಪಗಳನ್ನು ಮುಚ್ಚುವ ಸಂಭವವಿರುವುದರಿಂದ, ಅವರು ಬಣ್ಣ ತೆಗೆಯಲೆಂದೇ ಮಾರುವ 'ಮಿಸೆಲ್ಲರ್' ದ್ರವವನ್ನು ಹತ್ತಿಯಲ್ಲಿ ಅದ್ದಿ ಒರಸಿ, ಬಳಿಕ ಮುಖ ತೊಳೆಯಬಹುದು.

ಈಗ ಆ ಕಾಗದದ ಕೊನೆಯ ಸಾಲಿಗೆ ಬರುವೆನು. "ಮೂರು ತಿಂಗಳಿಂದ ಔಷಧದ ಅಂಗಡಿಯವರು ಕೊಟ್ಟ ಒಂದು ಮುಲಾಮನ್ನೂ ರಾತ್ರಿ ಹಚ್ಚುತ್ತಿದ್ದಾಳೆ, ಮೊದಲ ಎರಡು ವಾರ ಮುಖ ಬೆಳ್ಳಗೆ ನುಣ್ಣಗೆ ಆಗಿತ್ತು, ಈಗ ಒಂದು ದಿನ ಬಿಟ್ಟರೂ ಕೆಂಪಾಗಿ ಉರಿಯುತ್ತದೆ" ಎಂದು ತಾಯಿ ಬರೆದಿರುವರು. ಅಮ್ಮಾ, ನಿಮ್ಮ ಕಾಗದದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದೇ. ಆ ಕೊಳವೆಯನ್ನು ಎತ್ತಿಕೊಂಡು ಕಿಟಕಿಯ ಬಳಿಗೆ ಹೋಗಿ ಸಣ್ಣ ಅಕ್ಷರಗಳನ್ನು ಓದಿರಿ. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್, ಫ್ಲುಓಸಿನೊಲೋನ್ ಇವುಗಳಲ್ಲಿ ಯಾವ ಹೆಸರು ಕಂಡರೂ ಅದು ಸ್ಟೀರಾಯ್ಡ್ ಬೆರೆತ ಮುಲಾಮು. ಇಸಬು ಮೊದಲಾದ ರೋಗಗಳಿಗೆ ವೈದ್ಯರು ಅಳೆದು ಕೊಡುವ ಔಷಧವದು. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚುವ ಅಲಂಕಾರವಸ್ತುವಲ್ಲ. ಮೊದಲು ಕೆಂಪನ್ನು ಅಡಗಿಸಿ ಬಣ್ಣವನ್ನು ತಿಳಿಗೊಳಿಸಿ ಮರುಳುಮಾಡುವುದು. ಬರುಬರುತ್ತ ಚರ್ಮವನ್ನು ತೆಳ್ಳಗೆ ಮಾಡಿ, ರಕ್ತನಾಳಗಳು ಎದ್ದು ಕಾಣುವಂತೆ ಮಾಡಿ, ತಾನೇ ಮೊಡವೆಗಳನ್ನು ಎಬ್ಬಿಸುವುದು. ಬಿಟ್ಟರೆ ಉರಿ, ಉರಿಗೆ ಹೆದರಿ ಮತ್ತೆ ಹಚ್ಚುವುದು. ನಮ್ಮ ದೇಶದ ಚರ್ಮವೈದ್ಯರು ಇದಕ್ಕೆ ಪ್ರತ್ಯೇಕವಾದ ಹೆಸರನ್ನೇ ಕೊಡಬೇಕಾಗಿ ಬಂದಿತೆಂದರೆ ಎಷ್ಟು ಮಂದಿ ಇದಕ್ಕೆ ಸಿಲುಕಿರುವರೆಂಬುದನ್ನು ಊಹಿಸಬಹುದು. ಸ್ಟೀರಾಯ್ಡ್ ಬೆರೆತ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು 2018ರಲ್ಲಿ ಕೇಂದ್ರ ಸರ್ಕಾರ ಆಜ್ಞೆ ಮಾಡಿತು. ಆದರೂ ಕೇಳಿದವರಿಗೆ ಕೊಡುವ ಅಂಗಡಿಗಳು ಇವೆ. ನಿಮ್ಮ ಕಾಗದವೇ ಅದಕ್ಕೆ ಸಾಕ್ಷಿ. ಕೊಳವೆಯ ಮೇಲೆ ಪದಾರ್ಥಗಳ ಹೆಸರೇ ಇಲ್ಲದಿದ್ದರೆ ಇನ್ನೂ ಹೆಚ್ಚು ಎಚ್ಚರ ಬೇಕು. ಬೆಳ್ಳಗೆ ಮಾಡುವ ಇಂಥ ಹೆಸರಿಲ್ಲದ ಕ್ರೀಮುಗಳಲ್ಲಿ ಪಾದರಸ ಬೆರೆತಿರುವುದುಂಟು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಅಂಥವುಗಳನ್ನು ಬಳಸಿದವರ ಮೂತ್ರಪಿಂಡಗಳಿಗೆ ರೋಗ ತಗಲಿದುದನ್ನು ಅಲ್ಲಿಯ ವೈದ್ಯರು 2023ರಲ್ಲಿ ಹೊರಗೆಡಹಿದರು.

ಆದುದರಿಂದ ಮಗಳಿಗೆ ಒಪ್ಪುವ ಶೋಧಕ ಯಾವುದೆಂಬ ಪ್ರಶ್ನೆ ಎರಡನೆಯದು. ಈ ವಾರವೇ ಆ ಕೊಳವೆಯನ್ನು ಕೈಯಲ್ಲಿ ಹಿಡಿದುಕೊಂಡು ಚರ್ಮವೈದ್ಯರಲ್ಲಿಗೆ ಹೋಗಿರಿ. ಖರ್ಚಿನ ಚಿಂತೆಯಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಚರ್ಮರೋಗದ ವಿಭಾಗವನ್ನು ವಿಚಾರಿಸಿರಿ. ಮುಲಾಮನ್ನು ಥಟ್ಟನೆ ನಿಲ್ಲಿಸುವುದೋ ಮೆಲ್ಲಗೆ ಬಿಡಿಸುವುದೋ ಅವರು ಹೇಳಬೇಕು. ಬಿಟ್ಟ ಮೇಲೆ ಕೆಲವು ವಾರ ಮುಖ ಇನ್ನೂ ಕೆಂಪಾಗಬಹುದು, ಅದಕ್ಕೆ ಅಂಜಿ ಹಳೆಯದಕ್ಕೆ ಮರಳಬಾರದು. ಮುಟ್ಟು ಏರುಪೇರಾಗಿದ್ದು ಗದ್ದದಲ್ಲಿ ಕೂದಲು ಬರುತ್ತಿದ್ದರೆ ಅದನ್ನೂ ಮರೆಯದೆ ವೈದ್ಯರಿಗೆ ತಿಳಿಸಿರಿ. ಮೊಡವೆಗೆ ಅದೂ ಒಂದು ಕಾರಣವಿರಬಹುದು. ಅಲ್ಲಿಯ ತನಕ ಗೂಡಿನಲ್ಲಿರುವ ಐದು ಸೀಸೆ ಮೂರು ಬಿಲ್ಲೆಗಳನ್ನು ಮುಟ್ಟದಿರಲಿ. ಪರಿಮಳವಿಲ್ಲದ, ನೊರೆಯಿಲ್ಲದ, 5.5ರ ಸೌಮ್ಯ ಶೋಧಕ ಒಂದನ್ನು ರಾತ್ರಿ ಒಂದು ಸಲ, ಬೆಳಿಗ್ಗೆ ನೀರು. ಅಷ್ಟೆ. ತಿಪ್ಪೆಗೆ ಎಸೆಯಬೇಡಿರಿ, ಸಾಬೂನುಗಳು ಮೈಗೆ ಆಗುತ್ತವೆ, ಕಡಲೆಹಿಟ್ಟಿನಲ್ಲಿ ಬೋಂಡವಾಗುವುದು. ಸೀಸೆಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬಹುದೆಂದು ವೈದ್ಯರನ್ನೇ ಕೇಳಿರಿ.

ಮದುವೆಯ ದಿನದೊಳಗೆ ಮುಖ ತಿಳಿಯಾಗುವುದೆಂದು ನಾನು ಸುಳ್ಳು ಭರವಸೆ ಕೊಡಲಾರೆ. ಮೊಡವೆಯ ಚಿಕಿತ್ಸೆಗೆ ಎಂಟು ಹನ್ನೆರಡು ವಾರಗಳಾದರೂ ಬೇಕು. ಆದರೆ ಮಗಳು ಅಕ್ಕನ ಪಕ್ಕದಲ್ಲಿ ಕುಳಿತುಕೊಳ್ಳುವುದಕ್ಕೆ ಅಡ್ಡಿಯೇನೂ ಇಲ್ಲ. ಕೆರಳಿರುವ ಮುಖಕ್ಕೆ ಅರಿಸಿನವೂ ಎಣ್ಣೆಯೂ ಬೇಡವೆಂದು ಮುತ್ತೈದೆಯರಿಗೆ ನೀವೇ ಮೊದಲು ಹೇಳಿಡಿರಿ; ಅವಳಿಗೆ ಕೈಗೂ ಪಾದಕ್ಕೂ ಹಚ್ಚಲಿ. ಯಾರಾದರೂ ಮರೆತು ಕೆನ್ನೆಗೆ ಸವರಿಬಿಟ್ಟರೆ ಅವಳು ಎದ್ದು ಹೋಗಬೇಕಾಗಿಲ್ಲ. ಹಾಡು ಮುಗಿದ ಮೇಲೆ ಹೋಗಿ, ಆ ಸೌಮ್ಯ ಶೋಧಕವನ್ನು ಸವರಿ, ಬೆಚ್ಚನೆಯ ನೀರಿನಲ್ಲಿ ತೊಳೆದುಕೊಂಡರಾಯಿತು. ಹಳದಿ ಬಣ್ಣ ಪೂರ್ತಿ ಬಿಡದಿದ್ದರೆ ಉಜ್ಜಬೇಡವೆನ್ನಿರಿ. ಎರಡು ದಿನದಲ್ಲಿ ಅದು ತಾನಾಗಿ ಹೋಗುವುದು. ವೈದ್ಯರು ಏನೆಂದರೆಂಬುದನ್ನು ಒಂದು ಕಾರ್ಡಿನಲ್ಲಿ ನನಗೆ ಬರೆದು ತಿಳಿಸಿರಿ.